ಷಡ್ಡಕನ ಗುಡಾಣ

ಸುಮಾರು ಮೂರು ವರ್ಷ ನನ್ನ ಷಡ್ಡಕನಿಗೆ ಎಡಗಡೆಯ ಹುಬ್ಬು ಇರಲಿಲ್ಲ. ಬಲಗಡೆಯದು ಇತ್ತು, ದಪ್ಪಗೆ, ರಜೆ ಹಾಕಿದವನ ಕೆಲಸವನ್ನೂ ತಾನೇ ಮಾಡುತ್ತಿರುವ ಗುಮಾಸ್ತನ ಹಾಗೆ ಸ್ವಲ್ಪ ಮೇಲಕ್ಕೇರಿ ಕುಳಿತಿತ್ತು. ಎಡಗಡೆ ಬರೀ ನುಣ್ಣನೆಯ ಕೆಂಪು ಚರ್ಮ. ಅಲ್ಲಿಯೂ ಕೂದಲು ಚಿಗುರದೆ ಇರುತ್ತಿರಲಿಲ್ಲ. ಆದರೆ ನಾಲ್ಕೆಳೆ ತಲೆಯೆತ್ತುವ ಹೊತ್ತಿಗೆ ಸರಿಯಾಗಿ ಒಂದು ಭಾನುವಾರ ಬರುತ್ತಿತ್ತು. ಅವನು ತನ್ನ ಪಿಂಗಾಣಿ ಗುಡಾಣದ ಮುಚ್ಚಳವನ್ನು ಗಡಬಡಿಸಿ ತೆಗೆಯುತ್ತಿದ್ದ. ಒಳಗೆ ಉಸಿರು ಕಟ್ಟಿ ಕುಳಿತಿದ್ದ ಬೆಂಕಿ ಗಾಳಿ ಸಿಕ್ಕಿದ್ದೇ ಭಗ್ಗನೆ ಎದ್ದು ಅವನ ಮುಖ ಸವರುತ್ತಿತ್ತು. ಮುಚ್ಚಳವನ್ನು ಮೊದಲು ಎರಡು ಬೆರಳಿನಷ್ಟು ಎತ್ತಿ, ಬೆಂಕಿಗೆ ಒಂದಿಷ್ಟು ಗಾಳಿ ಕುಡಿಸಿ, ಆಮೇಲೆ ಪೂರ್ತಿ ತೆರೆಯಬೇಕು ಎಂಬ ನಿಯಮವನ್ನು ನಮಗೆಲ್ಲ ಬೋಧಿಸಿದವನೂ ಅವನೇ.

ಷಡ್ಡಕ ಎಂಬುದು ಮನುಷ್ಯ ತಾನಾಗಿ ಆರಿಸಿಕೊಳ್ಳದ ನಂಟು. ಹೆಂಡತಿಯನ್ನು ನೋಡಿ ಒಪ್ಪುತ್ತೇವೆ. ಅವಳ ತಂಗಿಗೆ ಮುಂದೆ ಸಿಗಲಿರುವ ಗಂಡನನ್ನು ತಂದು ತೋರಿಸಿ ಯಾರೂ ನಮ್ಮ ಒಪ್ಪಿಗೆ ಕೇಳುವುದಿಲ್ಲ. ನಾನು ರೈಲ್ವೆಯಲ್ಲಿ ನಕ್ಷೆ ಬರೆಯುವವ, ಅವನು ವಿಮೆಯ ಕಂಪನಿಯಲ್ಲಿ ಅಧಿಕಾರಿ. ಇಬ್ಬರೂ ಇದೇ ಚೆನ್ನೈಯಲ್ಲಿ ಸೇವೆ ಮುಗಿಸಿದೆವು. ಮೂವತ್ತೆಂಟು ವರ್ಷ ನಾನು ಒಂದು ಗೆರೆಯನ್ನೂ ಇದ್ದದ್ದಕ್ಕಿಂತ ಉದ್ದ ಎಳೆಯಲಿಲ್ಲ. ಅವನು ಅಷ್ಟೇ ವರ್ಷ ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಸೌಕಾರ್‌ಪೇಟೆಯ ಗಲ್ಲಿಯಲ್ಲಿ ಕೊಂಡ ಅವನ ಕೈಗಡಿಯಾರ ನಮ್ಮ ಮನೆ ತಲುಪುವಷ್ಟರಲ್ಲಿ ಸ್ವಿಟ್ಜರ್ಲೆಂಡಿನದಾಗಿರುತ್ತಿತ್ತು. ಬೀದಿಯ ಗಾಡಿಯ ಮಾವಿನಹಣ್ಣು ಯಾರೋ ನ್ಯಾಯಾಧೀಶರ ತೋಟದಿಂದ ಬಂದಿರುತ್ತಿತ್ತು.

ಹೀಗಿರುವಾಗ ಒಂದು ದಿನ ಕೋಡಂಬಾಕ್ಕಂನ ಅವನ ಫ್ಲ್ಯಾಟಿನ ತಾರಸಿಗೆ ಆ ಗುಡಾಣ ಬಂತು. ಅದರ ಸರಿಯಾದ ಹೆಸರು ಕಮಾಡೊ ಎಂದು ಅವನು ಹೇಳಿದ. ಹೇಳುವಾಗ ಕಣ್ಣು ಅರ್ಧ ಮುಚ್ಚಿಕೊಂಡ. ಸೊಂಟದೆತ್ತರದ ಹಸಿರು ಪಿಂಗಾಣಿಯ ಮೊಟ್ಟೆ. ಉಪ್ಪಿನಕಾಯಿ ಜಾಡಿಯ ಮುತ್ತಾತ ಎನ್ನಬಹುದು. ಕೆಳಗೆ ಗಾಳಿಗೊಂದು ಪುಟ್ಟ ಬಾಗಿಲು, ನೆತ್ತಿಯಲ್ಲಿ ಹೊಗೆಗೊಂದು ಕಬ್ಬಿಣದ ಟೋಪಿ, ಹೊಟ್ಟೆಯ ಮೇಲೆ ಶಾಖ ತೋರಿಸುವ ಮುಳ್ಳು. ಒಳಗೆ ಇದ್ದಿಲು ಹೊತ್ತಿಸಿ, ಮುಚ್ಚಳ ಮುಚ್ಚಿ, ಗಾಳಿಯನ್ನು ಎಳೆಯೆಳೆಯಾಗಿ ಬಿಟ್ಟು ಬೇಯಿಸಬೇಕು. ಅಡುಗೆಯಾದ ಮೇಲೆ ಎರಡೂ ಕಿಂಡಿ ಬಿಗಿದರೆ ಬೆಂಕಿ ಸಾಯುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ. ಜಪಾನಿನಿಂದ ತನ್ನ ಹಳೆಯ ಗಿರಾಕಿಯೊಬ್ಬ ಹಡಗಿನಲ್ಲಿ ಕಳಿಸಿದ್ದು ಎಂದ. ಮುಚ್ಚಳದ ಅಂಚಿನಲ್ಲಿ ಉಗುರಗಲ ಚಕ್ಕೆ ಎದ್ದಿತ್ತು. ಹಡಗಿನಲ್ಲಿ ತಗುಲಿರಬೇಕು ಎಂದ. ಅಷ್ಟು ದೂರದಿಂದ ಬಂದ ಆ ರಾಜವಸ್ತು ಯಾಕೋ ಆರು ಇಟ್ಟಿಗೆಗಳ ಮೇಲೆ ಕುಳಿತಿತ್ತು.

ಲೋಕದಲ್ಲಿ ಇದನ್ನು ಮಾಡಿರುವುದು ಮಾಂಸ ಸುಡುವುದಕ್ಕೆ. ನಾವೋ ಏಳು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದ ಶೈವರು. ಆದ್ದರಿಂದ ಅವನು ಅದರಲ್ಲಿ ಮೆಕ್ಕೆಜೋಳ ಸುಟ್ಟ, ಪನೀರು ಸುಟ್ಟ, ದೊಣ್ಣೆಮೆಣಸಿನಕಾಯಿ ಸುಟ್ಟ. ಒಂದು ಭಾನುವಾರ ಇಡ್ಲಿಯನ್ನು ಹೊಗೆಯಲ್ಲಿಟ್ಟು ತಂದ. ಆ ಇಡ್ಲಿ ಹೊರಗೆ ಕಂದು, ಒಳಗೆ ಹಸಿ. ಬಾಯಿಗಿಟ್ಟರೆ ಉಗಿಬಂಡಿಯ ಕಾಲದ ವೆಯ್ಟಿಂಗ್ ರೂಮಿನ ನೆನಪಾಗುತ್ತಿತ್ತು. ಮೇ ತಿಂಗಳ ಚೆನ್ನೈಯಲ್ಲಿ, ತಾರಸಿಯ ನೆಲದ ಮೇಲೇ ಹಪ್ಪಳ ಸುಟ್ಟುಕೊಳ್ಳಬಹುದಾದ ಬಿಸಿಲಿನಲ್ಲಿ, ಅವನು ಮೊಣಕಾಲಿನವರೆಗೆ ಇಳಿಬಿದ್ದ ಚರ್ಮದ ಏಪ್ರನ್ ಕಟ್ಟಿಕೊಂಡು, ಹಣೆಯ ಮೂರು ಬೆರಳು ವಿಭೂತಿ ಬೆವರಿನಲ್ಲಿ ಮೂಗಿನವರೆಗೆ ಹರಿದು ಬಂದಿರಲು, ಮುಳ್ಳನ್ನು ನೋಡುತ್ತ ನಿಂತಿರುತ್ತಿದ್ದ. ಇಸ್ತ್ರಿಯವನ ಇದ್ದಿಲು ಇದಕ್ಕೆ ಒಗ್ಗುವುದಿಲ್ಲ ಎಂದು ಒಂದು ವರ್ಷ ಭಾಷಣ ಮಾಡಿದ. ಮರುವರ್ಷದಿಂದ ಅದನ್ನೇ ಹಾಕಿದ. ಭಾಷಣ ಮಾತ್ರ ನಿಲ್ಲಲಿಲ್ಲ.

ಊಟ ಯಾವಾಗ ಎಂದು ಕೇಳಿದರೆ ಅವನದು ಒಂದೇ ಉತ್ತರ: "ಇನ್ನ ಇಪ್ಪತ್ತ ನಿಮಿಷ ರೀ." ಹನ್ನೆರಡು ಗಂಟೆಗೆ ಇಪ್ಪತ್ತು ನಿಮಿಷ, ಎರಡಕ್ಕೂ ಇಪ್ಪತ್ತು ನಿಮಿಷ. ಕನ್ನಡ ಕೇಳಿಸಿಕೊಂಡು ತಮಿಳಿನಲ್ಲೇ ಉತ್ತರಿಸುವ ಅವನ ಮಗಳು ಇನ್ನು ಸಾಕೆನಿಸಿ, ಹಸಿವು ತಡೆಯದೆ "ಪೋದುಂಪ್ಪಾ, ಪಸಿಕ್ಕಿದು" ಎಂದು ಗೊಣಗಿ ಕೆಳಗಿಳಿದು ಮೊಸರನ್ನ ಕಲಸಿಕೊಳ್ಳುತ್ತಿದ್ದಳು. ನಾನು ಕುಳಿತೇ ಇರುತ್ತಿದ್ದೆ. ಒಬ್ಬ ಮನುಷ್ಯ ಎಷ್ಟು ದೂರದವರೆಗೆ ಮೂರ್ಖನಾಗಬಲ್ಲ ಎಂಬುದನ್ನು ಅಳೆಯುವ ಅವಕಾಶ ನಕ್ಷೆಗಾರನಿಗೆ ದಿನಾ ಸಿಗುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರಬೇಕು. ನಿವೃತ್ತನಾದ ಮೇಲೆ ಶುಕ್ರವಾರಗಳಂದು ಪಲ್ಲಾವರಂ ಸಂತೆಗೆ ಹೋಗುವುದು ನನ್ನ ಚಟ. ಖಾಲಿ ಮಾಡಿದ ಮನೆಗಳ ಹಳೆಯ ಸಾಮಾನೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ನಾನು ಹುಡುಕುವುದು ಹಳೆಯ ಕೈವಾರ, ಹಿತ್ತಾಳೆಯ ಅಳತೆಪಟ್ಟಿ. ಗುಡಾಣ ಬಂದು ಎರಡು ತಿಂಗಳಾಗಿತ್ತು. ಒಬ್ಬ ವ್ಯಾಪಾರಿಯ ಹತ್ತಿರ ನಾಲ್ಕು ಗಾಲಿಯ ಕಬ್ಬಿಣದ ಸ್ಟ್ಯಾಂಡೊಂದು ನಿಂತಿತ್ತು. ನಡುವೆ ದೊಡ್ಡ ಬಳೆ, ಮೊಟ್ಟೆ ಕೂರುವ ಹಾಗೆ. ಇದೇನು ಎಂದೆ. ಅವನು ತಮಿಳಿನಲ್ಲಿ ಮನೆಯ ಕಥೆಯ ಹಾಗೆ ಹೇಳಿಕೊಂಡ: ಕಾರಿನ ಕಾರ್ಖಾನೆಯ ಕೊರಿಯಾದವರೊಬ್ಬರು ಊರಿಗೆ ವಾಪಸು ಹೋದರು, ಅವರು ವಾರವಾರ ಹಂದಿ ಸುಡುತ್ತಿದ್ದ ಹಸಿರು ಮೊಟ್ಟೆ ಇದರದ್ದು, ಮುಚ್ಚಳದಲ್ಲಿ ಚಕ್ಕೆ ಎದ್ದಿತ್ತೆಂದು ಅಗ್ಗಕ್ಕೆ ಹೋಯಿತು, ಕೊಂಡ ಸಾರ್ ಹಣೆಗೆ ಬೂದಿ ಬಳಿದುಕೊಂಡ ಕನ್ನಡದವರು, ವ್ಯಾನಿನಲ್ಲಿ ಹಿಡಿಸಲಿಲ್ಲವೆಂದು ಸ್ಟ್ಯಾಂಡು ಬಿಟ್ಟು ಹೋದರು.

ನಾನು ಆ ದಿನ ಕೈವಾರ ಕೊಳ್ಳದೆ ಮನೆಗೆ ಬಂದೆ. ಅದಕ್ಕಿಂತ ಒಳ್ಳೆಯದು ಸಿಕ್ಕಿತ್ತು.

ಇದರ ಬೆಲೆ ತಿಳಿಯಬೇಕಾದರೆ ನಮ್ಮ ಅತ್ತೆಯವರನ್ನು ತಿಳಿದಿರಬೇಕು. ನಮ್ಮಿಬ್ಬರ ಹೆಂಡಿರ ತಾಯಿ. ಗದಗಿನ ಕಡೆಯವರು, ಆಗ ಎಂಬತ್ತಾರು. ಷಡ್ಡಕನ ಮನೆಯಲ್ಲೇ ಇದ್ದರು. ಚೆನ್ನೈಗೆ ಬಂದು ಐವತ್ತು ವರ್ಷದಲ್ಲಿ ಒಂದು ಹೋಟೆಲಿನ ನೀರು ಕುಡಿದವರಲ್ಲ. ಮನೆಗೆ ಬಂದ ಪ್ರತಿ ಪಾತ್ರೆಗೂ ಅವರದು ವಿಚಾರಣೆ: ಹೊಸದೋ, ಯಾರದಾದರೂ ಮನೆಯದೋ? ಹೊಸದಾದರೆ ವಿಭೂತಿ ಹಚ್ಚಿ ಒಳಗೆ ಬರಮಾಡಿಕೊಳ್ಳುವರು. ಹೆರರು ಉಂಡ ಪಾತ್ರೆಯಾದರೆ ಅದು ಬಾಗಿಲಲ್ಲೇ ತಿರುಗಬೇಕು. ಮೊಣಕಾಲು ನೋವಿನಿಂದ ಅವರು ತಾರಸಿ ಹತ್ತುತ್ತಿರಲಿಲ್ಲ, ಮೆಕ್ಕೆಜೋಳ ಅಗಿಯಲು ಹಲ್ಲಿರಲಿಲ್ಲ. ಹೀಗಾಗಿ ಗುಡಾಣದ ವಿಚಾರಣೆ ನಡೆದಿರಲಿಲ್ಲ. ಆ ಮನೆಯಲ್ಲಿ ಷಡ್ಡಕನ ಮಾತನ್ನು ನಂಬುತ್ತಿದ್ದವರು ಕಡಿಮೆ. ಅಳಿಯನೆಂಬ ಮರ್ಯಾದೆ ಮಾತ್ರ ಅತ್ತೆಯವರ ಹತ್ತಿರ ಒಂದಿಷ್ಟು ಉಳಿದಿತ್ತು. ನಾನು ಒಂದು ವಾಕ್ಯ ಆಡಿದರೆ ಅದೂ ಹೋಗುತ್ತಿತ್ತು.

ಆ ವಾಕ್ಯವನ್ನು ಎರಡು ವರ್ಷ ಜೋಪಾನವಾಗಿ ಇಟ್ಟುಕೊಂಡೆ. ಹೆಂಡತಿಗೂ ಹೇಳಲಿಲ್ಲ. ಕರುಣೆಯಿಂದಲ್ಲ, ತಕ್ಕ ಸಭೆ ಸೇರಲಿ ಎಂದು. ಅವನು ಜಪಾನಿನ ಮಣ್ಣಿನ ಗುಣ ವರ್ಣಿಸುವಾಗಲೆಲ್ಲ ನಾನು ತಲೆದೂಗುತ್ತ, ಒಳಗೊಳಗೆ ಆ ವಾಕ್ಯಕ್ಕೆ ಅಲ್ಪವಿರಾಮ ಪೂರ್ಣವಿರಾಮ ತಿದ್ದುತ್ತಿದ್ದೆ.

ಸಭೆ ಸೇರಿದ್ದು ಹೀಗೆ. ಅತ್ತೆಯವರಿಗೆ ಜ್ವರ ಬಂದು ಹೋಯಿತು, ಹಸಿವನ್ನೂ ತೆಗೆದುಕೊಂಡು ಹೋಯಿತು. ಹತ್ತು ದಿನ ಎರಡು ಚಮಚ ಗಂಜಿಯ ಮೇಲೆ ಇದ್ದರು. ಕೈ ಎತ್ತಿದರೆ ಬಳೆ ಮೊಣಕೈಗೆ ಇಳಿಯುತ್ತಿತ್ತು. ಕಾಯಿಲೆ ಏನೂ ಇಲ್ಲ, ಬಾಯಿ ಕೇಳಿದ್ದು ಕೊಡಿ, ಹೀಗೇ ಬಿಟ್ಟರೆ ಹೆಚ್ಚು ದಿನ ಇಲ್ಲ ಎಂದರು ಡಾಕ್ಟರು. ಬಾಯಿ ಕೇಳಿದ್ದು ಒಲೆಯ ಕೆಂಡದಲ್ಲಿ ಸುಟ್ಟ ಬದನೆಕಾಯಿ, ಜೋಳದ ರೊಟ್ಟಿ. ನಾದಿನಿ ಗ್ಯಾಸಿನ ಮೇಲೆ ಸುಟ್ಟು ಕೊಟ್ಟಳು. ಒಂದು ತುತ್ತು ಬಾಯಿಗಿಟ್ಟು, ಗ್ಯಾಸಿನ ವಾಸನಿ ಎಂದು ತಾಟು ಸರಿಸಿದರು.

ಆ ಸಂಜೆ ಷಡ್ಡಕ ಗುಡಾಣ ಹೊತ್ತಿಸಿದ. ಬೆಂಕಿ ಕಾಣಬೇಕು ಎಂದು ಅತ್ತೆಯವರು ಹಟ ಹಿಡಿದಿದ್ದರಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಳಿಯಂದಿರಿಬ್ಬರೂ ತಾರಸಿಗೆ ಹೊತ್ತೆವು. ಭಾರವೇ ಇರಲಿಲ್ಲ, ಅದೇ ಭಯವಾಯಿತು. ನನ್ನ ಹೆಂಡತಿ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು. ಅವನು ಆ ದಿನ ಏಪ್ರನ್ ಕಟ್ಟಲಿಲ್ಲ, ಮುಳ್ಳು ನೋಡಲಿಲ್ಲ, ಭಾಷಣ ಮಾಡಲಿಲ್ಲ. ಬದನೆಕಾಯಿಗಳನ್ನು ನೇರ ಕೆಂಡದ ಮೇಲೇ ಇಟ್ಟ. ಮುಚ್ಚಳವನ್ನು ಎರಡು ಬೆರಳು ಎತ್ತಿ, ತಡೆದು, ಆಮೇಲೆ ತೆರೆದ. ಕಪ್ಪಗೆ ಸುಟ್ಟ ಸಿಪ್ಪೆ ಸುಲಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಹಿಚುಕಿದ. ವಾಸನೆಗೆ ಅತ್ತೆಯವರ ಮೂಗು ಅಗಲವಾಯಿತು. ತಾಟು ಹತ್ತಿರ ಬಂತು. ಆಗ ಅವರ ಕಣ್ಣು ಮುಚ್ಚಳದ ಚಕ್ಕೆಯ ಮೇಲೆ ಬಿತ್ತು.

"ಹೊಸಾದೈತೇನಿದು?" ಎಂದರು. ಷಡ್ಡಕ ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ನೀವು ಹೇಳ್ರಿ, ದೊಡ್ಡ ಅಳಿಯಾದೇವ್ರ. ನೀವು ಇಲ್ಲದ್ದು ಹೇಳಾಂಗಿಲ್ಲ."

ಎರಡು ವರ್ಷ ತಿದ್ದಿದ ವಾಕ್ಯ ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವರು ಉಣ್ಣುವುದಿಲ್ಲ, ಇದೂ ಇಲ್ಲವಾದರೆ ಮುಂದೇನೂ ಇಲ್ಲ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು, ವಾಕ್ಯದ ಮುಂದೆ ಅದು ಹಗುರವಾಗಿ ಕಂಡಿತು. ನಾನು ಬಾಯಿ ತೆರೆದೆ.

"ಹಳೇದರಿ ಅತ್ತೀ," ಎಂದ ಷಡ್ಡಕ. "ಪಲ್ಲಾವರಂ ಸಂತ್ಯಾಗ ತಂದಿದ್ದು. ಯಾರೋ ಕೊರಿಯಾದವ್ರ ಮನೀದು. ಇದರಾಗ ಅವರು ಹಂದಿ ಸುಡತಿದ್ರು."

"ಜಪಾನ?"

"ಜಪಾನ ಸುಳ್ಳರಿ."

ಅತ್ತೆಯವರು ಗುಡಾಣವನ್ನೇ ನೋಡಿದರು. ಆಮೇಲೆ ಕೇಳಿದರು, "ಇದರ ಕಾವು ಎಷ್ಟ?"

"ಗಾಳಿ ಪೂರ್ತಿ ಬಿಟ್ರ ಒಳಗಿನ ಸರಳು ಕೆಂಪಗ ಆಗ್ತಾವ್ರಿ. ತಂದ ದಿನ ಬರೇ ಗುಡಾಣ ದಿನಾಪೂರ್ತಿ ಉರಿಸೀನಿ."

"ಅಷ್ಟ ಕಾವಿನ್ಯಾಗ ಹಂದಿ ಉಳೀತೈತೇನು?"

"ಇಲ್ರಿ."

"ಮತ್ತೇನ ಉಳೀತೈತಿ?"

"ಬೂದಿ ರೀ."

"ಹಂಗಾರ ರೊಟ್ಟಿ ತರ್ರಿ," ಎಂದರು. ಐವತ್ತು ವರ್ಷ ಚಮಚವನ್ನೂ ಬಿಡದೆ ವಿಚಾರಿಸಿದ ನ್ಯಾಯಸ್ಥಾನ ಐದು ಪ್ರಶ್ನೆಯಲ್ಲಿ ತೀರ್ಪು ಕೊಟ್ಟಿತ್ತು. ಒಂದೂವರೆ ರೊಟ್ಟಿ ಉಂಡರು. ಕೈ ತೊಳೆಯುವಾಗ ಕಿರಿಯ ಅಳಿಯನಿಗೆ, "ಅಂತೂ ಒಂದರ ಖರೇ ಹೇಳಿದ್ರಿ," ಎಂದರು. ನನ್ನ ಬಾಯಿ ಇನ್ನೂ ತೆರೆದೇ ಇತ್ತೋ ಏನೋ. ಸಂಜೆಯ ಮಬ್ಬಿನಲ್ಲಿ ಯಾರೂ ಗಮನಿಸಲಿಲ್ಲ ಎಂದುಕೊಂಡೆ.

ಅವನು ಗಮನಿಸಿದ್ದ. ಅದು ನನಗೆ ತಿಳಿದದ್ದು ವರ್ಷದ ಮೇಲೆ, ಹೊಟ್ಟೆಯ ಕಾಯಿಲೆಯಿಂದ ಅವನು ಮಲಗಿ ಎರಡು ತಿಂಗಳಾಗಿದ್ದಾಗ. ನೋಡಲು ಹೋಗಿದ್ದೆ. ಅದೂ ಇದೂ ಮಾತಾಡಿ ಅವನು ಹೇಳಿದ, ಸಂತೆಯ ವ್ಯಾಪಾರಿ ತನಗೆ ಯಾವಾಗಲೋ ತಿಳಿಸಿದ್ದನಂತೆ: ಕೈವಾರ ಕೊಳ್ಳುವ ರೈಲ್ವೆ ಸಾರ್ ಒಬ್ಬರು ಬಂದು ಮೊಟ್ಟೆಯ ಜಾತಕವನ್ನೆಲ್ಲ ಕೇಳಿಕೊಂಡು ಹೋದರು ಎಂದು.

"ಎರಡು ವರ್ಷ ಒಬ್ಬರ ಮುಂದೂ ಬಾಯಿ ಬಿಡಲಿಲ್ಲ ಅಣ್ಣಾರ ನೀವು," ಎಂದ. "ಆವತ್ತ ಅತ್ತಿ ಕೇಳಿದಾಗ ನೀವು ಬಾಯಿ ತಗದ್ರಿ. ನನ್ನ ಮಾನ ಉಳಸಾಕ ಸುಳ್ಳ ಹೇಳಾಕ ಹೊಂಟೀರಿ ಅಂತ ತಿಳೀತು. ಹುಟ್ಟಿದಾಗಿಂದ ಒಂದ ಸುಳ್ಳ ಹೇಳದ ಮನುಷ್ಯಾರು. ನನ್ನ ಸಲುವಾಗಿ ಯಾಕ ಹೇಳಬೇಕು? ಅದಕ್ಕ ನಾನ ಹೇಳಿಬಿಟ್ಟೆ."

ನಾನು ಎದ್ದೆ. ಹೊತ್ತಾಯಿತು, ಬಸ್ಸು ಸಿಗುವುದಿಲ್ಲ ಎಂದೇನೋ ಹೇಳಿದೆ.

"ಕೂಡ್ರಿ ಅಣ್ಣಾರ," ಎಂದ. "ಇನ್ನ ಇಪ್ಪತ್ತ ನಿಮಿಷ."

ಕುಳಿತೆ. ಜೀವನದಲ್ಲಿ ಮೊದಲ ಸಲ ಅವನ ಇಪ್ಪತ್ತು ನಿಮಿಷ ಸರಿಯಾಗಿ ಇಪ್ಪತ್ತೇ ನಿಮಿಷವಿತ್ತು. ಗೋಡೆಯ ಗಡಿಯಾರ ನೋಡುತ್ತಲೇ ಇದ್ದೆ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ನಿಜ ಹೇಳಲು ಅಷ್ಟು ಸಮಯ ಧಾರಾಳವಾಗಿ ಸಾಕು. ಫ್ಯಾನು ತಿರುಗುವುದನ್ನು ಇಬ್ಬರೂ ನೋಡಿದೆವು.

ಅದಾಗಿ ಆರನೆಯ ದಿನ ಹೋದ. ಮೂರು ವರ್ಷ ಬೆಂಕಿಯ ಮುಂದೆ ನಿಂತವನನ್ನು ನಮ್ಮ ಪದ್ಧತಿಯಂತೆ ಮಣ್ಣಿಗೆ ಕೊಟ್ಟೆವು. ಕುಳ್ಳಿರಿಸಿ ಹಣೆಗೆ ವಿಭೂತಿ ಹಚ್ಚುವಾಗ ನೋಡಿದೆ: ಮಲಗಿದ್ದಷ್ಟು ದಿನ ಗುಡಾಣದ ಹತ್ತಿರ ಹೋಗದೆ ಇದ್ದುದರಿಂದ ಎಡಗಡೆಯ ಹುಬ್ಬು ಪೂರ್ತಿ ಬಂದಿತ್ತು. ಎರಡೂ ಹುಬ್ಬಿನ ಆ ಮುಖ ನನಗೆ ಗುರುತಿಲ್ಲದ ಯಾರೋ ದೊಡ್ಡ ಮನುಷ್ಯರದ್ದೆಂಬಂತೆ ಕಂಡಿತು.

ಅತ್ತೆಯವರು ಈಗ ನಮ್ಮ ಮನೆಯಲ್ಲಿದ್ದಾರೆ. ಗುಡಾಣವೂ ಅವರ ಜೊತೆಗೇ ಬಂತು. ಒಳಗೆ ಅವನು ಮುಂದಿನ ಸಲಕ್ಕೆಂದು ಉಳಿಸಿದ್ದ ಅರ್ಧ ಸುಟ್ಟ ಇದ್ದಿಲು ಹಾಗೇ ಇತ್ತು. ಶುಕ್ರವಾರ ಪಲ್ಲಾವರಂಗೆ ಹೋಗಿ ನೋಡಿದರೆ ಸ್ಟ್ಯಾಂಡು ತುಕ್ಕು ಹಿಡಿದು ಅಲ್ಲೇ ನಿಂತಿತ್ತು, ಕೊಂಡು ತಂದೆ. ವಾರಕ್ಕೆರಡು ಸಲ ಬದನೆಕಾಯಿ ಸುಡುತ್ತೇನೆ. ಎರಡು ಬೆರಳಿನ ನಿಯಮ ನನಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಎಡಗಡೆಯ ಹುಬ್ಬು ಈಗ ಅಷ್ಟಕ್ಕಷ್ಟೆ.

ನೋಡಿದವರು ಇದು ಹೊಸದೇ ಎಂದು ಕೇಳುತ್ತಾರೆ. ಪಲ್ಲಾವರಂ, ಕೊರಿಯಾ, ಹಂದಿ, ಒಂದಕ್ಷರ ಬಿಡದೆ ಹೇಳುತ್ತೇನೆ. ಅತ್ತೆಯವರು ತಾಟು ಮುಂದಿಟ್ಟುಕೊಂಡು, ನಮ್ಮ ದೊಡ್ಡ ಅಳಿಯಾದೇವರು ಇಲ್ಲದ್ದು ಹೇಳುವವರಲ್ಲ ಎಂದು ಬಂದವರಿಗೆ ಅಭಿಮಾನದಿಂದ ಹೇಳುತ್ತಾರೆ. ಗುಡಾಣದ ಪೂರ್ವಚರಿತ್ರೆ ಹೀಗೆ ಎಲ್ಲರಿಗೂ ತಿಳಿದಿದೆ. ನನ್ನದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.