ಮನೆಪಾಲಿನ ದನಿ

ನಮ್ಮ ಚಿಕ್ಕಮ್ಮನ ದನಿ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನಾನು ಗುಡ್ಡದ ಮೇಲಿನ ಕೋಟೆಯ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಕಪಾಟುಗಳಿಗೆ ಗೊತ್ತು, ಅವನ್ನೇ ಕೇಳಿ. ಅವಳ ಮನೆಯಲ್ಲಿ ಬೆಳೆದ ನನಗೆ ಗೊತ್ತಿಲ್ಲ. ಅವಳನ್ನು ಕಟ್ಟಿಕೊಂಡ ಚಿಕ್ಕಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಅದು ಪುಸ್ತಕದ ಕೋಟೆ. ಎತ್ತರದ ಗೋಡೆ, ಕಬ್ಬಿಣದ ಬಾಗಿಲು, ಬುರುಜಿನ ಮೇಲೆ ಕಾವಲು. ಒಳಗೆ ಹೋಗಿ ನೋಡಿದರೆ ಚಿನ್ನವೂ ಇಲ್ಲ, ರಾಜನೂ ಇಲ್ಲ, ಬರೀ ಪುಸ್ತಕ ಮತ್ತು ಪಂಡಿತರು. ಹಿಂದೆ ಪುಸ್ತಕ ಸುಡುವವರ ದಂಡು ಬಂದಿತ್ತಂತೆ, ಅದಕ್ಕೇ ಈ ಗೋಡೆ. ಆದರೆ ಆ ಪುಸ್ತಕಗಳಿಗೆ ಬೆಂಕಿಗಿಂತ ದೊಡ್ಡ ಕಾಟ ಇನ್ನೊಂದಿದೆ. ವರ್ಷಕ್ಕೊಮ್ಮೆಯಾದರೂ ಯಾರಾದರೂ ಗಟ್ಟಿಯಾಗಿ ಓದದಿದ್ದರೆ ಅವುಗಳ ಅಕ್ಷರ ಮಾಸಿಹೋಗುತ್ತದೆ. ಮೊದಲು ಬೂದಿಬಣ್ಣ, ಆಮೇಲೆ ಬರೀ ಗೀರಿನ ಗುರುತು, ಕೊನೆಗೆ ಬಿಳಿ ಹಾಳೆ. ಮನಸ್ಸಿನಲ್ಲೇ ಓದಿಕೊಂಡರೆ ಪ್ರಯೋಜನವಿಲ್ಲ, ಅಕ್ಷರಕ್ಕೆ ದನಿಯೇ ಬೇಕು. ಅದು ದನಿಯನ್ನು ಕುಡಿಯುತ್ತದೆ ಅನ್ನುತ್ತಾರೆ ನಮ್ಮವರು. ಕುಡಿದದ್ದು ವಾಪಸ್ ಬರುವುದಿಲ್ಲ. ವರ್ಷಗಟ್ಟಲೆ ಓದಿದವರ ಗಂಟಲು ಒಂದು ದಿನ ಪೂರ್ತಿ ಬತ್ತಿಹೋಗುತ್ತದೆ.

ಹಾಗಾದರೆ ಪಂಡಿತರೇ ಓದಬಹುದಲ್ಲ? ಅವರ ಗಂಟಲು ವಾದ ಮಾಡುವುದಕ್ಕೆ ಬೇಕಲ್ಲ ಸ್ವಾಮಿ! ಆದ್ದರಿಂದ ಓದುವ ಕೆಲಸಕ್ಕೆ ಊರಿನವರನ್ನು ಇಟ್ಟುಕೊಳ್ಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕಪಾಟು. ಚಿಕ್ಕಮ್ಮ ಲಂಗ ಹಾಕುವ ವಯಸ್ಸಿನಲ್ಲೇ ಓದುಗಾರ್ತಿಯಾಗಿ ಸೇರಿದಳು. ಅವಳ ಕಪಾಟಿನಲ್ಲಿ ದನದ ರೋಗಗಳ ಪುಸ್ತಕವಿತ್ತು, ನಕ್ಷತ್ರಗಳ ಲೆಕ್ಕವಿತ್ತು, ಯಾವುದೋ ಕಾಲದ ಅರಸರು ತಮ್ಮನ್ನು ತಾವೇ ಹೊಗಳಿಕೊಂಡ ಕಂತೆಯಿತ್ತು. ಅರ್ಧಕ್ಕರ್ಧ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಅವಳ ಕಪಾಟಿನ ಅಕ್ಷರ ಕಾಡಿಗೆಯ ಹಾಗೆ ಕಪ್ಪಗಿರುತ್ತಿತ್ತು, ಮತ್ತು ಅದರ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು.

ಓದುಗಾರರು ಮನೆಯಲ್ಲಿ ಮಾತಾಡುವುದಿಲ್ಲ. ಗಂಟಲು ಉಳಿಸಬೇಕಲ್ಲ. ಓದುಗಾರರ ಮನೆಯಲ್ಲಿ ಬೆಕ್ಕು ಕೂಡ ಮಿಯಾಂವ್ ಅನ್ನುವುದಿಲ್ಲ ಅಂತ ಬೀದಿಯವರು ಗೇಲಿ ಮಾಡುತ್ತಿದ್ದರು. ಅಂಥ ಮನೆಗೆ ಅಳಿಯನಾಗಿ ಬಂದವನು ಊರಿಗೇ ದೊಡ್ಡ ಮಾತಿನಮಲ್ಲ, ಕೋಟೆಯ ಗೋಡೆ ರಿಪೇರಿ ಮಾಡುತ್ತಿದ್ದ ನಮ್ಮ ಚಿಕ್ಕಪ್ಪ. ಜನ ಅವನನ್ನು ವಟವಟ ಮೇಸ್ತ್ರಿ ಅನ್ನುತ್ತಿದ್ದರು. ಕಲ್ಲು ಕೂರಿಸುವಾಗ ಕಲ್ಲಿನ ಜೊತೆಗೂ ಮಾತಾಡುತ್ತಿದ್ದ, ಒಪ್ಪದ ಕಲ್ಲಿಗೆ ಬೈಯುತ್ತಿದ್ದ.

"ಸಂತೋಷವಾಗಿದ್ದೀವಿ ಬಿಡಿ," ಅಂತ ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. "ನಾನು ಮಾತಾಡಿದ್ದಕ್ಕೆ ಎದುರುತ್ತರ ಕೊಡದ ಹೆಂಡತಿ ಎಷ್ಟು ಜನಕ್ಕೆ ಸಿಗ್ತಾಳೆ?"

ಅದು ಸುಳ್ಳು. ಎದುರುತ್ತರ ಧಾರಾಳವಾಗಿ ಸಿಗುತ್ತಿತ್ತು, ಕೈಯಿಂದ, ಹುಬ್ಬಿನಿಂದ. ನನ್ನ ಅಮ್ಮ ತೀರಿಕೊಂಡ ಮೇಲೆ ನಾನು ಆ ಮನೆಗೆ ಬಂದೆ. ಸಂಜೆ ಒಲೆಯ ಮುಂದೆ ಅವರಿಬ್ಬರು ಕೂತರೆ ನನಗೆ ಪುಕ್ಕಟೆ ನಾಟಕ. ಚಿಕ್ಕಪ್ಪ ಕತೆ ಕೊಚ್ಚುತ್ತಿದ್ದ, ಚಿಕ್ಕಮ್ಮ ಒಂದು ಹುಬ್ಬು ಏರಿಸಿದರೆ ಸಾಕು, ಅವನು ತಡವರಿಸಿ "ಆಯ್ತು ಮಾರಾಯ್ತಿ, ಸ್ವಲ್ಪ ಸೇರಿಸಿ ಹೇಳಿದೆ" ಅನ್ನುತ್ತಿದ್ದ. ಪಂಡಿತರ ನಡಿಗೆಯನ್ನು ಅವಳು ಎರಡು ಬೆರಳಲ್ಲಿ ಮಾಡಿ ತೋರಿಸಿದರೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವಳ ಬಾಯಿಂದ ಮಾತು ಬಂದದ್ದು ಅಪರೂಪ. ಒಮ್ಮೆ ನಾನು ಬಾವಿಯ ಕಟ್ಟೆ ಹತ್ತಿದಾಗ "ಇಳಿಯೇ ಕತ್ತೆ!" ಅಂದಿದ್ದಳು. ಆ ಬೈಗುಳ ನನ್ನ ಪಾಲಿಗೆ ಬಂದದ್ದಕ್ಕೆ ಚಿಕ್ಕಪ್ಪನಿಗೆ ವಾರಗಟ್ಟಲೆ ಹೊಟ್ಟೆಕಿಚ್ಚು.

ಕೋಟೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು, ಇಲ್ಲ ಅನ್ನಬಾರದು. ಓದುಗಾರರ ದನಿ ಒಡೆಯತೊಡಗಿದ ದಿನವೇ ಅವರನ್ನು ಕೆಲಸದಿಂದ ಬಿಡುಗಡೆ ಮಾಡುತ್ತಿದ್ದರು. ಗಂಟಲಲ್ಲಿ ಉಳಿದಿರುವ ಅಷ್ಟೋ ಇಷ್ಟೋ ದನಿ ಮನೆಯವರದ್ದು. ಅದಕ್ಕೆ ಮನೆಪಾಲು ಅಂತ ಹೆಸರು. ಹುಷಾರಾಗಿ ಬಳಸಿದವರು ಅದರಲ್ಲೇ ವರ್ಷಗಟ್ಟಲೆ ಸಂಸಾರ ಮಾಡಿದ್ದಾರೆ. ಮದುವೆಯ ದಿನವೇ ಚಿಕ್ಕಮ್ಮ ಚಿಕ್ಕಪ್ಪನಿಗೆ ಮಾತು ಕೊಟ್ಟಿದ್ದಳಂತೆ: "ಮನೆಪಾಲು ಪೂರ್ತಿ ನಿನಗೇ. ಸಾಕು ನಿಲ್ಲಿಸು ಅಂತ ನೀನೇ ಕೈ ಮುಗೀಬೇಕು, ಅಷ್ಟು ಮಾತಾಡ್ತೀನಿ." ಆ ಮಾತನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ.

ಆಮೇಲೆ ಸುಣ್ಣ ಸಿಡಿಯಿತು. ಕೋಟೆಯ ಬಿರುಕು ಮುಚ್ಚಲು ಗಾರೆ ಕಲಸುವಾಗ ತೊಟ್ಟಿಯಲ್ಲಿ ಕೊತಕೊತ ಕುದಿಯುತ್ತಿದ್ದ ಸುಣ್ಣ ಹಾರಿ ಚಿಕ್ಕಪ್ಪನ ಎರಡೂ ಕಣ್ಣಿಗೆ ಬಿತ್ತು. ಕಣ್ಣು ಹೋಯಿತು.

ಕಣ್ಣಿನ ಜೊತೆ ಇನ್ನೇನು ಹೋಯಿತು ಅನ್ನುವುದು ಮನೆಗೆ ಬಂದ ಮೇಲೆ ತಿಳಿಯಿತು. ಅವನು ಎಂದಿನಂತೆ ಏನೋ ಕತೆ ಹೇಳಿ ಸುಮ್ಮನಾದ, ಕಾದ. ಚಿಕ್ಕಮ್ಮ ಹುಬ್ಬು ಏರಿಸಿದಳು. ಅವನು ಇನ್ನೂ ಕಾಯುತ್ತಲೇ ಇದ್ದ. ಅವಳು ಏರಿಸಿದ ಹುಬ್ಬನ್ನು ಇಳಿಸಲಾರದೆ ಹಾಗೇ ಕೂತಿದ್ದಳು. ಅಂಥ ಕಷ್ಟದ ಮುಖ ನಾನು ಮತ್ತೆ ನೋಡಿಲ್ಲ.

ಅವತ್ತಿನಿಂದ ತಟ್ಟುವುದು ಶುರುವಾಯಿತು. ಭುಜ ತಟ್ಟಿದರೆ ಊಟಕ್ಕೆ ಬಾ. ಮೊಣಕೈ ಮುಟ್ಟಿದರೆ ನೀರು ತಗೋ. ಬೆನ್ನು ತಟ್ಟಿದರೆ ಹೊಸ್ತಿಲಿದೆ, ಜೋಪಾನ. ಮನೆ ನಡೆಯುವುದಕ್ಕೆ ಇಷ್ಟು ಸಾಕಾಯಿತು.

"ಇನ್ನಷ್ಟು ತಟ್ಟೋ ಗುರುತು ಕಂಡುಹಿಡೀಬಾರದಾ ಚಿಕ್ಕಮ್ಮ? ನಗೋದಕ್ಕೊಂದು, ಸಿಟ್ಟಿಗೊಂದು?" ಅಂತ ನಾನು ಕೇಳಿದೆ.

ಅವಳು ಗಂಟಲು ಮುಟ್ಟಿಕೊಂಡು, ಬೆರಳಲ್ಲಿ ಸಣ್ಣ ಅಳತೆ ತೋರಿಸಿದಳು. ಇನ್ನು ಸ್ವಲ್ಪ ದಿನ, ಆಮೇಲೆ ಬಾಯಲ್ಲೇ ಮಾತಾಡುತ್ತೇನೆ, ತಟ್ಟಿ ಕಲಿಸುವ ರಗಳೆ ಯಾಕೆ ಅಂತ. ಚಿಕ್ಕಪ್ಪನೂ ಅದನ್ನೇ ಹೇಳಿದ. "ಮನೆಪಾಲು ಬರ್ತದಲ್ಲ ಪುಟ್ಟಿ. ಈ ತಟ್ಟೋದು ಗಿಟ್ಟೋದು ಎಲ್ಲ ತಾತ್ಕಾಲಿಕ." ಕೆಲಸ ಬಿಟ್ಟುಬಿಡು ಅಂತ ಅವನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಬಿಡುತ್ತಿದ್ದಳೋ ಏನೋ.

ಕೊನೆಗೂ ಆ ದಿನ ಬಂತು. ಹಿಂದಿನ ದಿನ ಓದುವಾಗ ಅವಳ ದನಿ ಒಡೆದಿತ್ತು. ನಾಳೆ ಬಂದು ಕಪಾಟಿಗೆ ಬೀಗ ಹಾಕಿ, ಬೀಗದ ಕೈ ಒಪ್ಪಿಸಿ ಹೋಗಿ ಅಂದಿದ್ದರು ಹಿರಿಯ ಪಂಡಿತರು. ಅಷ್ಟೇ ಕೆಲಸ. ಬೆಳಿಗ್ಗೆ ಚಿಕ್ಕಪ್ಪ ಒಗೆದ ಅಂಗಿ ಹಾಕಿಕೊಂಡ, ಕಿವಿಗೆ ಬೆಚ್ಚಗಿನ ಎಣ್ಣೆ ಬಿಡಿಸಿಕೊಂಡ, ಒಂದು ಮಾತೂ ತಪ್ಪಿಹೋಗಬಾರದು ಅಂತ. ನನ್ನ ಕೈ ಹಿಡಿದುಕೊಂಡು ಗುಡ್ಡ ಹತ್ತಿ, ಕೋಟೆಯ ಬಾಗಿಲ ಎದುರಿನ ಕಲ್ಲುಬೆಂಚಿನ ಮೇಲೆ ಕೂತ. ಬೆಂಚೂ ಅವನೇ ಕಟ್ಟಿದ್ದು.

"ಮೊದಲು ಏನು ಕೇಳ್ತೀಯ ಚಿಕ್ಕಪ್ಪಾ?"

"ನನ್ನ ಮೀಸೆ ನೆರೆತಿದೆಯಾ ಅಂತ. ನೀವ್ಯಾರೂ ನಿಜ ಹೇಳೋದಿಲ್ಲ, ಅವಳು ಹೇಳ್ತಾಳೆ." ಆಮೇಲೆ ನಾಚಿಕೊಂಡು, "ಮೊದಲು ನನ್ನನ್ನು ಕರೀಲಿ. ಅವಳು ನನ್ನನ್ನು ಕರೆದು ಎಷ್ಟು ಕಾಲ ಆಯ್ತು," ಅಂದ.

ಬಿಸಿಲು ಏರಿತು, ಇಳಿಯಿತು. ಅವಳು ಬರಲಿಲ್ಲ. ಬೀಗದ ಕೈ ಒಪ್ಪಿಸುವುದಕ್ಕೆ ಇಷ್ಟು ಹೊತ್ತಾ? ಕಾವಲಿನವನನ್ನು ಕೇಳಿದರೆ, "ಒಳಗಿದ್ದಾರೆ, ಓದ್ತಿದ್ದಾರೆ," ಅಂದ. ಚಿಕ್ಕಪ್ಪ ನಕ್ಕ. "ಬೇರೆ ಯಾರನ್ನೋ ನೋಡಿ ಹೇಳ್ತಿದ್ದೀಯ."

ಒಳಗೆ ಆದದ್ದು ಇಷ್ಟು. ಅವಳ ಪಕ್ಕದ ಕಪಾಟಿನ ಓದುಗಾರ್ತಿ ಜ್ವರ ಬಂದು ಬಹಳ ಕಾಲದಿಂದ ಮಲಗಿದ್ದಳು. ಬದಲಿಗೆ ಜನ ಸಿಕ್ಕಿರಲಿಲ್ಲ. ಚಿಕ್ಕಮ್ಮ ತನ್ನ ಕಪಾಟಿಗೆ ಬೀಗ ಹಾಕಿ ತಿರುಗಿದಾಗ ಪಕ್ಕದ ಕಪಾಟಿನಲ್ಲೊಂದು ಪುಸ್ತಕ ತೆರೆದುಕೊಂಡು ಬಿದ್ದಿತ್ತು. ಅಕ್ಷರ ಬೂದಿಯಾಗಿತ್ತು, ನೋಡುತ್ತಿದ್ದಂತೆ ಒಂದು ಸಾಲು ಅಳಿಸಿಯೇ ಹೋಯಿತು. ಅವಳಿಗೆ ತಡೆಯಲಾಗಲಿಲ್ಲ. "ಬೇಡಮ್ಮ, ಮನೆಗೆ ಹೋಗಿ, ನಿಮ್ಮ ಪಾಲು ಅದು," ಅಂತ ಹಿರಿಯ ಪಂಡಿತರೇ ಹೇಳಿದರಂತೆ. ಪುಸ್ತಕ ತೆಳ್ಳಗಿದೆ, ಓದಿಬಿಟ್ಟು ಹೋಗುತ್ತೇನೆ, ಬೇಕಾದಷ್ಟು ಉಳಿಯುತ್ತದೆ ಅಂದಳಂತೆ ಇವಳು.

ಅವಳ ಲೆಕ್ಕ ತಪ್ಪಿದ್ದು ಅಲ್ಲೇ. ಜೀವಮಾನವಿಡೀ ಅವಳು ಓದಿದ್ದು ತನ್ನ ಕಪಾಟನ್ನು, ವರ್ಷ ತಪ್ಪದೆ ಓದಿಸಿಕೊಂಡು ಕಪ್ಪಗಿದ್ದ ಅಕ್ಷರವನ್ನು. ಅದು ಕುಡಿಯುವುದು ಗುಟುಕು ಗುಟುಕು. ಮಾಸಿದ ಅಕ್ಷರ ಹೇಗೆ ಕುಡಿಯುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ, ಯಾಕೆಂದರೆ ತನ್ನ ಕಪಾಟಿನಲ್ಲಿ ಒಂದಕ್ಷರವನ್ನೂ ಅವಳು ಮಾಸಲು ಬಿಟ್ಟವಳೇ ಅಲ್ಲ. ಸೋಮಾರಿ ಓದುಗಾರರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಬತ್ತಿದ ನೆಲಕ್ಕೆ ನೀರು ಸುರಿದ ಹಾಗೆ ದನಿ ಇಂಗಿಹೋಯಿತು. ಅರ್ಧಕ್ಕೆ ಬಂದಾಗ ಅವಳಿಗೂ ತಿಳಿದಿರಬೇಕು. ಅರ್ಧಕ್ಕೆ ನಿಲ್ಲಿಸಿದರೆ ಅಕ್ಷರ ಮತ್ತೆ ಮಾಸುತ್ತದೆ, ಓದಿದ್ದೂ ದಂಡ. ನಿಲ್ಲಿಸಲಿಲ್ಲ.

ಸಂಜೆ ಬಾಗಿಲು ತೆರೆಯಿತು. ಹೆಜ್ಜೆಯ ಸದ್ದಿಗೇ ಚಿಕ್ಕಪ್ಪ ಎದ್ದು ನಿಂತ.

"ಬಂದ್ಯಾ? ಹೂಂ, ಕರಿ ನೋಡೋಣ."

ಅವಳು ಬಾಯಿ ತೆರೆದಳು. ಬರೀ ಗಾಳಿ ಬಂತು.

"ಆಟ ಆಡಿಸಬೇಡ ಕಣೇ. ಬೆಳಿಗ್ಗೆಯಿಂದ ಕೂತಿದ್ದೀನಿ."

ಹಿಂದೆ ಬಂದಿದ್ದ ಹಿರಿಯ ಪಂಡಿತರು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದರು. ಚಿಕ್ಕಪ್ಪ ಕೈಯಿಂದ ತಡಕಾಡಿ ಮತ್ತೆ ಬೆಂಚಿನ ಮೇಲೆ ಕೂತ.

"ಯಾವ ಪುಸ್ತಕ ಅದು, ಸ್ವಾಮಿ?"

"ಒಂದು ನದಿಯ ಮೀನುಗಳ ಬಗ್ಗೆ."

"ಎಲ್ಲಿದೆ ಆ ನದಿ?"

"ಈಗ ಇಲ್ಲ. ಯಾವತ್ತೋ ಬತ್ತಿಹೋಗಿದೆ."

ಚಿಕ್ಕಪ್ಪ ನಗಲು ನೋಡಿದ. "ಇಲ್ಲದ ನದಿ ಮೀನಿಗೆ ಹೋಯ್ತಾ ನನ್ನ ಪಾಲು," ಅಂದ. ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ. ಕೈ ಚಾಚಿದ, ಅವಳು ಹಿಡಿದುಕೊಂಡಳು, ಇಬ್ಬರೂ ಗುಡ್ಡ ಇಳಿದರು. ಅವನು ನಾಲ್ಕು ಮಾತು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಪುಸ್ತಕವನ್ನು ಆಮೇಲೆ ಒಂದು ಸಲ ನಾನು ಹೋಗಿ ನೋಡಿದ್ದೇನೆ. ಅಕ್ಷರ ನಿನ್ನೆ ಬರೆದ ಹಾಗೆ ಕಪ್ಪಗಿತ್ತು. ಚೆನ್ನಾಗಿಯೇ ಇದೆ ಪುಸ್ತಕ, ಮೀನಿನ ಬಣ್ಣ, ಮೀನಿನ ನಿದ್ದೆ ಎಲ್ಲ ಇದೆ. ನನಗೆ ಅದನ್ನು ಎತ್ತಿ ಒಲೆಗೆ ಹಾಕಬೇಕು ಅನ್ನಿಸಿತು. ಹಾಗೇ ಮುಚ್ಚಿಟ್ಟು ಬಂದೆ. ಅವಳ ದನಿ ಇರುವುದು ಅದರಲ್ಲೇ ತಾನೆ.

ಚಿಕ್ಕಮ್ಮ ಆಮೇಲೆ ಒಂದು ಸ್ಲೇಟು ತಂದಳು. ಅವಳು ಬರೆಯುವುದು, ನಾನು ಓದಿ ಚಿಕ್ಕಪ್ಪನಿಗೆ ಹೇಳುವುದು. ಸ್ಲೇಟಿನಲ್ಲಿ ಅವಳು ಬರೆದ ಮೊದಲ ಮಾತು "ಮೀಸೆ ಪೂರ್ತಿ ನೆರೆತಿದೆ" ಅಂತ. ಅವನು ನಕ್ಕ. ಆದರೆ ಸ್ವಲ್ಪ ದಿನದಲ್ಲೇ, "ಬೇಡ ಪುಟ್ಟಿ, ಕೇಳಿಸೋದು ನಿನ್ನ ದನಿ. ನಿನ್ನ ದನಿ ಕೇಳಿ ಅವಳದ್ದು ಹೇಗಿತ್ತು ಅನ್ನೋದೇ ಮರೀತಿದ್ದೀನಿ," ಅಂದ. ಮತ್ತೆ ತಟ್ಟುವುದಷ್ಟೇ ಉಳಿಯಿತು. ಭುಜಕ್ಕೆ ಊಟ, ಮೊಣಕೈಗೆ ನೀರು, ಬೆನ್ನಿಗೆ ಹೊಸ್ತಿಲು. ಹೊಸದೊಂದು ಕಲಿಸಲು ಅವಳಿಗೆ ಮುಖವಿರಲಿಲ್ಲ. ಕಲಿಯಲು ಅವನಿಗೂ ಉಮೇದು ಉಳಿದಿರಲಿಲ್ಲ. ಅವನು ಮಾತಾಡುತ್ತಿದ್ದ, ಮೊದಲಿನಷ್ಟಲ್ಲ. ಅವಳು ಕೇಳುತ್ತಿದ್ದಳು. ಕೇಳುತ್ತಿದ್ದಾಳೆ ಅನ್ನುವುದು ಅವನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಕೆಲವು ವರ್ಷ ಕಳೆದವು. ಕಲ್ಲಿನ ಪುಡಿ ಕುಡಿದ ಎದೆ ಸೋತು ಚಿಕ್ಕಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಮೇಲುಸಿರು ಬರತೊಡಗಿತು. ನಾವಿಬ್ಬರೂ ಪಕ್ಕದಲ್ಲಿದ್ದೆವು.

"ಅವಳಿದ್ದಾಳಾ?" ಅಂದ.

"ಇದ್ದಾಳೆ ಚಿಕ್ಕಪ್ಪಾ, ಇಲ್ಲೇ."

ಚಿಕ್ಕಮ್ಮ ಸ್ಲೇಟು ತೆಗೆದುಕೊಂಡಳು. ಏನೋ ಬರೆದಳು, ಸೆರಗಿನಿಂದ ಒರೆಸಿದಳು. ಮತ್ತೆ ಬರೆದಳು, ಒರೆಸಿದಳು. ನಾನು ಓದಲು ಬಗ್ಗಿದೆ. ಅವಳು ಬೇಡ ಅಂತ ಕೈ ಅಡ್ಡ ಹಿಡಿದು ಸ್ಲೇಟನ್ನು ಮಗುಚಿಟ್ಟಳು. ನನ್ನ ದನಿಯಲ್ಲಿ ಹೇಳಿಸುವ ಮಾತಾಗಿರಲಿಲ್ಲ ಅದು. ಅವನ ಕಡೆ ಸರಿದು ಕೂತಳು. ಕೈ ಎತ್ತಿದಳು. ಎಲ್ಲಿ ತಟ್ಟಬೇಕು? ಅವರಿಬ್ಬರ ನಡುವೆ ಇದ್ದದ್ದೇ ಮೂರು ಮಾತು. ಅವಳ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನ ಭುಜ ತಟ್ಟಿದಳು. ತಟ್ಟಿದಳು, ಮತ್ತೆ ತಟ್ಟಿದಳು, ಮೆತ್ತಗೆ, ಬಿಡದೆ.

ಅವನು ಮುಖವನ್ನು ಅವಳ ಕಡೆ ತಿರುಗಿಸಿದ.

"ಹಸಿವಿಲ್ಲ ಕಣೇ," ಅಂದ. "ನೀನು ಉಣ್ಣು ಹೋಗು."

ಅದೇ ಕೊನೆ. ಜನ ಬಂದರು, ಮಾಡಬೇಕಾದ್ದೆಲ್ಲ ಮಾಡಿದರು. ಎಲ್ಲರೂ ಹೋದ ಮೇಲೆ ನಾನು ಚಿಕ್ಕಮ್ಮನನ್ನು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಅವಳು ಬೆಳಗಿನ ತಣ್ಣಗಿನ ಅನ್ನವನ್ನು ತಟ್ಟೆಗೆ ಬಡಿಸಿಕೊಂಡು, ಅಳುತ್ತಾ, ಒಂದು ಅಗುಳೂ ಬಿಡದೆ ಉಣ್ಣುತ್ತಿದ್ದಳು.