ಹಾರ ಹಾಕಿದ ಫೋಟೋದ ಕೆಳಗೆ ಕುಳಿತವನು

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ನಾನಾಗ ಗದಗಿನ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ನಿವೃತ್ತಿಗೆ ಕೆಲವೇ ತಿಂಗಳು ಬಾಕಿಯಿತ್ತು. ವೀರೇಶ ಮೂರನೆಯ ಸಲ ದಾಖಲಾದದ್ದು ಆಗ.

ವೀರೇಶ ಶಿರಹಟ್ಟಿಯವನು, ಸುಟ್ಟ ಮೋಟರಿಗೆ ತಂತಿ ಸುತ್ತುವ ರಿವೈಂಡಿಂಗ್ ಕೆಲಸಗಾರ. ಕರೆಂಟು ಕಂಬದಿಂದ ಬಿದ್ದು ಬೆನ್ನಿಗೆ ಪೆಟ್ಟಾದಾಗ ಶುರುಮಾಡಿದ ನೋವಿನ ಮಾತ್ರೆ, ನೋವು ಹೋದರೂ ಅವನನ್ನು ಬಿಡಲಿಲ್ಲ. ಈ ಸಲ ವಿದ್‌ಡ್ರಾವಲ್, ಅಂದರೆ ಮಾತ್ರೆ ಬಿಟ್ಟಾಗಿನ ನಡುಕ, ವಾಂತಿ, ನಿದ್ದೆಗೇಡು, ಎಲ್ಲ ಬೇಗನೆ ಇಳಿಯಿತು. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹಗಲೆಲ್ಲ ಕೈಕಾಲು ನೀಡಿ, ರೆಪ್ಪೆ ಬಡಿಯದೆ ಮಲಗಿರುತ್ತಿದ್ದ. ಪಕ್ಕದ ಮಂಚದವನು ಹೆದರಿ ಬೇರೆ ವಾರ್ಡ್ ಕೇಳಿದ.

ನಾನು ಮಾತನಾಡಿಸಿದಾಗ ತಣ್ಣಗೆ ಹೇಳಿದ: "ವೀರೇಶ ಸತ್ತಾನ್ರಿ. ಸತ್ತಾಂವಗ ಯಾಕ ಔಷಧಾ ಕೊಡ್ತೀರಿ?"

ಮನೋವೈದ್ಯರು ಪರೀಕ್ಷಿಸಿದರು. ದಿನ, ವಾರ, ಊರು ಎಲ್ಲ ಸರಿಯಾಗಿ ಹೇಳಿದ. ಇಲ್ಲದ ದನಿ ಯಾವುದೂ ಕೇಳಿಸುತ್ತಿರಲಿಲ್ಲ. "ಇದು ಭ್ರಮೆ ಅನಿಸುತ್ತಿಲ್ಲ, ಯಾರೋ ಹೇಳಿ ನಂಬಿಸಿದ ಹಾಗಿದೆ. ಮನೆ ನೋಡಿ ಬನ್ನಿ" ಎಂದರು. ತಡಮಾಡುವಂತಿರಲಿಲ್ಲ. ಚಿಕಿತ್ಸೆಯಲ್ಲಿ ದೇಹಕ್ಕೆ ಮಾತ್ರೆಯ ರೂಢಿ ತಪ್ಪಿರುತ್ತದೆ. ಹೊರಗೆ ಹೋಗಿ ಹಳೆಯ ಪ್ರಮಾಣವನ್ನೇ ನುಂಗಿದರೆ ಉಸಿರು ನಿಲ್ಲಬಹುದು. ಬದುಕುವ ಮನಸ್ಸೇ ಇಲ್ಲದವನನ್ನು ಹೇಗೆ ಬಿಡುಗಡೆ ಮಾಡುವುದು?

ಅವನನ್ನು ಕರೆದುಕೊಂಡೇ ಶಿರಹಟ್ಟಿಗೆ ಹೋದೆ. ಬಿಸಿಲು ಸುಡುವ ಮಧ್ಯಾಹ್ನ. ಬಾಗಿಲು ತೆಗೆದವಳು ತಾಯಿ ಶಾಂತವ್ವ. ಮನೆಯಲ್ಲಿ ಬೇರಾರೂ ಇರಲಿಲ್ಲ. ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ಆಕೆ ನನ್ನನ್ನಷ್ಟೇ ನೋಡಿ ನಕ್ಕಳು.

"ಬರ್ರಿ ಅಕ್ಕೋರ. ಒಬ್ಬರ ಬಂದೀರೇನು?"

ಒಳಗೆ ಗೋಡೆಯ ಮೇಲೆ ವೀರೇಶನ ಫೋಟೋ; ಹಣೆಗೆ ವಿಭೂತಿ, ಕೊರಳಿಗೆ ಅಂದೇ ಕಟ್ಟಿದ ಮಲ್ಲಿಗೆ ಹಾರ. ಅವನು ಹೋಗಿ ಅದರ ಕೆಳಗೇ ಕುಳಿತ. ಊದಿನಕಡ್ಡಿಯ ಬೂದಿ ಅವನ ಹೆಗಲ ಮೇಲೆ ಉದುರುತ್ತಿತ್ತು. ಒರೆಸಿಕೊಳ್ಳಲಿಲ್ಲ. ಶಾಂತವ್ವ ಒಂದೇ ಕಪ್ ಚಹಾ ತಂದಳು.

"ನಿಮ್ಮ ಮಗ ಇಲ್ಲೇ ಇದ್ದಾನಲ್ಲಮ್ಮ" ಎಂದೆ.

"ಮಾತ್ರಿ ನುಂಗಿ ಬಚ್ಚಲದಾಗ ಬಿದ್ದ ದಿನಾನ ಹ್ವಾದ್ರಿ. ದವಾಖಾನಿಗೆ ಒಯ್ದು ಎಬ್ಬಿಸಿ ತಂದ್ರು. ಮತ್ತ ಹ್ವಾದ. ಹೆತ್ತಾಕಿ ಎಷ್ಟ ಸಲ ಅಳಬೇಕ್ರಿ? ಒಮ್ಮೆ ಅತ್ತು ಮುಗಿಸೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ನನ್ನ ಕಪ್ಪನ್ನು ವೀರೇಶನ ಕಡೆ ಸರಿಸಿದೆ. ಬಹಳ ಹೊತ್ತಿನ ಮೇಲೆ ಅವನು ಎತ್ತಿ ಕುಡಿದ. ಚಹಾ ಹೀರುವ ಸದ್ದಿಗೆ ಆಕೆಯ ಬೆನ್ನು ಬಿಗಿಯಿತು. ಗೋಡೆ ನೋಡುತ್ತಲೇ ಕೇಳಿದಳು: "ಸಕ್ರಿ ಕಡಿಮಿ ಆತೇನು?"

"ಇಲ್ಲ. ಬರೋಬ್ಬರಿ ಐತೆವ್ವಾ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರದಿಂದ ಶಾಂತವ್ವ ಬಸ್ಸು ಹತ್ತಿ ಗದಗಿಗೆ ಬರತೊಡಗಿದಳು. ಮೊದಮೊದಲು ಮಗನಿಗೆ ಬೆನ್ನು ಮಾಡಿಯೇ ಕೂರುತ್ತಿದ್ದಳು. ಹೆಸರು ಕರೆದರೆ ವೀರೇಶ ತಿರುಗಿ ನೋಡುವಂತಾದ ಮೇಲೆ ಬಿಡುಗಡೆ ಮಾಡಿದೆವು. ಆಮೇಲೂ ಅವನು ಒಮ್ಮೆ ಮತ್ತೆ ಮಾತ್ರೆ ನುಂಗಿದ. ಸದ್ಯ, ಜೀವ ಉಳಿಯಿತು; ಮತ್ತೆ ನಮ್ಮಲ್ಲೇ ದಾಖಲಾದ. ಅಂದು ತಾಯಿ ವಾರ್ಡಿನಲ್ಲೇ ಅವನ ಎರಡೂ ಭುಜ ಹಿಡಿದು ಅಲುಗಾಡಿಸಿ ಬೈದಳು. "ನನ್ನ ಹೊಟ್ಯಾಗ ಯಾಕರ ಹುಟ್ಟಿದ್ಯೋ" ಎಂದು ಬಾಯಿ ಬಡಿದುಕೊಂಡಳು. ತಡೆಯಲು ಓಡಿದ ನರ್ಸನ್ನು ನಾನೇ ನಿಲ್ಲಿಸಿದೆ. ಬೈಗುಳ ಕೇಳುತ್ತ ವೀರೇಶ ಮಗುವಿನಂತೆ ಅಳುತ್ತಿದ್ದ. ಅದಕ್ಕೆ ಮೊದಲು ಅವನು ಅತ್ತದ್ದನ್ನು ನಾವು ಕಂಡಿರಲಿಲ್ಲ.

ಈಗ ಅವನು ಮುಂಡರಗಿಯಲ್ಲಿ ಕೆಲಸಕ್ಕಿದ್ದಾನೆ. ಫೋಟೋ ಇಳಿಸಿದರೇ ಎಂದು ಒಮ್ಮೆ ಕೇಳಿದೆ. "ಇರಲಿ ಬಿಡ್ರಿ ಅಕ್ಕೋರ. ಅಂವ ಬ್ಯಾರೆ, ನಾ ಬ್ಯಾರೆ" ಎಂದ. ಅದನ್ನು ಕೇಳಿ ನೆಮ್ಮದಿಯೂ ಆಯಿತು, ಯಾಕೋ ಸಣ್ಣ ಅಳುಕೂ ಆಯಿತು.

ವ್ಯಸನದ ವಿಷವನ್ನು ಔಷಧ ಇಳಿಸುತ್ತದೆ. ಆಮೇಲೆ ಆ ಮನುಷ್ಯ ಯಾರಿಗಾಗಿ ಎದ್ದು ಕೂರಬೇಕು ಎಂಬುದಕ್ಕೆ ನಮ್ಮ ಬಳಿ ಮಾತ್ರೆಯಿಲ್ಲ. ಮಗನನ್ನೋ ಗಂಡನನ್ನೋ ಬೈಯುತ್ತ ಕೇಂದ್ರದ ಮೆಟ್ಟಿಲು ಹತ್ತುವವರನ್ನು ಕಂಡರೆ ಅಂದಿನಿಂದ ನನಗೆ ಧೈರ್ಯ ಬರುತ್ತಿತ್ತು. ಅವರಿನ್ನೂ ಕಾಯುತ್ತಿದ್ದಾರೆ ಎಂದರ್ಥ. ನನಗೆ ಭಯವಾಗುತ್ತಿದ್ದುದು ನಗುನಗುತ್ತ ಬಾಗಿಲು ತೆರೆಯುವ ಮನೆಗಳನ್ನು ಕಂಡಾಗ.