ಕೀಬೋರ್ಡಿನ ಮೇಲೆ ಟವೆಲ್

ಬಸಣ್ಣ ಸಾಹುಕಾರರು ಹೆಗಲ ಮೇಲಿನ ಟವೆಲನ್ನು ಕೀಬೋರ್ಡಿಗೆ ಹೊದಿಸಿ, ಅದರ ಕೆಳಗೆ ಎರಡೂ ಕೈ ತೂರಿಸಿದರು. ಹುಮನಾಬಾದಿನ ದನದ ಸಂತೆಯಲ್ಲಿ ವ್ಯಾಪಾರಿಗಳು ಬೆರಳು ಹಿಡಿದು ಗುಟ್ಟಾಗಿ ದರ ಕುದುರಿಸುವುದು ಹೀಗೆಯೇ.

ಬಸವಕಲ್ಯಾಣದ ಅವರ ಬೇಳೆ ಗಿರಣಿಯ ಲೆಕ್ಕಪತ್ರ ನನ್ನ ಕೆಲಸ. ಹೊಸ ಕಂಪ್ಯೂಟರ್ ಬಂದಿತ್ತು. ಸಾಹುಕಾರರ ಡಿಜಿಟಲ್ ಸಹಿಯ ಸರ್ಟಿಫಿಕೇಟನ್ನು ಅದರ ಬ್ರೌಸರಿಗೆ ಸೇರಿಸದೆ ಆನ್‌ಲೈನ್ ಟೆಂಡರ್ ಹಾಕುವಂತಿರಲಿಲ್ಲ. ಸೇರಿಸಲು ಅವರ ಪಾಸ್‌ವರ್ಡ್ ಬೇಕು. ಅಂದು ಮಧ್ಯಾಹ್ನವೇ ಗಡುವು. ತಪ್ಪಿದರೆ ಹಾಸ್ಟೆಲ್‌ಗಳಿಗೆ ಬೇಳೆ ಪೂರೈಸುವ ಇಡೀ ವರ್ಷದ ಕೆಲಸ ಕೈಬಿಟ್ಟಂತೆ.

ಕಾಣದ ಅಕ್ಷರ ಒತ್ತಿದರೆ ಸರಿ ಬರುವುದು ಹೇಗೆ? ಪ್ರತಿ ಸಲವೂ ಪಾಸ್‌ವರ್ಡ್ ತಪ್ಪೆಂದೇ ಬಂತು.

"ಟವೆಲ್ ತಗೀರಿ ಸಾಹುಕಾರ್ರ, ನಾ ಹೊರಗ ನಿಂದರ್ತೀನಿ" ಎಂದೆ.

ಅವರು ನಕ್ಕರು. "ನಿಮ್ಮ ಮುಂದ ಮುಚ್ಚೋದೇನದರಿ? ಕೈಗೆ ಸಂತಿ ರೂಢಿ ಬಿದ್ದದ. ನಾ ಹೇಳ್ತೀನಿ, ನೀವೇ ಹೊಡೀರಿ."

"ಬ್ಯಾಡ್ರಿ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ನಮ್ಮಿಬ್ಬರ ನಡುವ ಅನುಮಾನ ಬರಬಾರದು."

ಬಾಗಿಲಾಚೆ ಹೋಗಿ ಬೀದಿಗೆ ಮುಖ ಮಾಡಿ ನಿಂತೆ. ಒಳಗೆ ಒಂದೊಂದೇ ಕೀಲಿಯ ಸದ್ದು ನಿಧಾನವಾಗಿ ಕೇಳಿಸಿತು. ಆಮೇಲೆ, "ಬರ್ರಿ, ತಗೊಂತು!" ಎಂಬ ಕೂಗು. ಗಡುವಿನೊಳಗೆ ಟೆಂಡರ್ ಹೋಯಿತು.

ಅಲ್ಲಿಂದ ಮುಂದೆ ಅವರು ಪಾಸ್‌ವರ್ಡ್ ಒತ್ತಲು ಕೂತಾಗಲೆಲ್ಲ ನಾನು ಹೇಳಿಸಿಕೊಳ್ಳದೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಮರಳುವಷ್ಟರಲ್ಲಿ ಅವರ ಟವೆಲ್ ಪಕ್ಕದ ನನ್ನ ಕುರ್ಚಿಯ ಮೇಲೆ ಇರುತ್ತಿತ್ತು, ಬಸ್ಸಿನಲ್ಲಿ ತಮ್ಮವರಿಗೆ ಸೀಟು ಹಿಡಿದಿಟ್ಟ ಹಾಗೆ.